ಗ್ರಹಯುತಿಯ ಫಲವನ್ನು ಓದುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಜಾತಕವನ್ನು ಬಿಡಿಸಿ ನೋಡಿದವರ ಕಣ್ಣಿಗೆ ಮೊದಲು ಬೀಳುವುದು ಒಂದೇ ಮನೆಯಲ್ಲಿ ಎರಡು ಮೂರು ಗ್ರಹಗಳು ಒತ್ತಾಗಿ ಕುಳಿತಿರುವ ಜಾಗ. ಅದಕ್ಕೊಂದು ಯೋಗದ ಹೆಸರು ಸಿಕ್ಕಿತೆಂದರೆ, ಹಿಂದೆಯೇ ಸಂತೋಷವೋ ಗಾಬರಿಯೋ ಬಂದುಬಿಡುತ್ತದೆ. ಯುತಿಯ ಹೆಸರಿಗೂ ಅದರ ಫಲಕ್ಕೂ ನಡುವೆ ಪರಿಶೀಲಿಸಬೇಕಾದ ಸಂಗತಿಗಳು ಬಹಳಷ್ಟಿವೆ. ಕೆಳಗಿನ ಉತ್ತರಗಳು ಪರಾಶರ ಸಂಪ್ರದಾಯವನ್ನು ಅನುಸರಿಸಿದ್ದು, ಬೇರೆ ಪದ್ಧತಿಯ ಮಾತು ಬಂದಲ್ಲಿ ಅದನ್ನು ಪ್ರತ್ಯೇಕವಾಗಿ ಸೂಚಿಸಲಾಗಿದೆ.

ಗ್ರಹಯುತಿ ಎಂದರೇನು?

ಎರಡು ಅಥವಾ ಅದಕ್ಕಿಂತ ಹೆಚ್ಚು ಗ್ರಹಗಳು ಒಂದೇ ರಾಶಿಯಲ್ಲಿ ಇರುವುದನ್ನು ಯುತಿ ಎನ್ನುತ್ತೇವೆ. ರಾಶಿಯೊಂದರ ವಿಸ್ತಾರ 30 ಡಿಗ್ರಿ. ಆದ್ದರಿಂದ ಆಕಾಶದಲ್ಲಿ ಬಹಳ ದೂರವಿರುವ ಗ್ರಹಗಳೂ ಕುಂಡಲಿಯಲ್ಲಿ ಒಟ್ಟಿಗಿರುವಂತೆ ಕಾಣಬಹುದು. ನವಗ್ರಹಗಳನ್ನು ಎರಡೆರಡಾಗಿ ಜೋಡಿಸಿದರೆ 36 ಜೋಡಿಗಳಾಗುತ್ತವೆ. ರಾಹು ಮತ್ತು ಕೇತು ಸದಾ 180 ಡಿಗ್ರಿ ಅಂತರದಲ್ಲಿ ಇರುವುದರಿಂದ ಅವರಿಬ್ಬರು ಎಂದಿಗೂ ಸೇರುವುದಿಲ್ಲ; ಉಳಿದ 35 ಜೋಡಿಗಳು ಸಾಧ್ಯ. ವರಾಹಮಿಹಿರನು ಬೃಹಜ್ಜಾತಕದಲ್ಲಿ ಎರಡು ಗ್ರಹಗಳ ಯೋಗಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಕಲ್ಯಾಣವರ್ಮನ ಸಾರಾವಳಿ ಇನ್ನೂ ಮುಂದೆ ಹೋಗಿ ಮೂರು, ನಾಲ್ಕು, ಐದು, ಆರು ಗ್ರಹಗಳ ಕೂಟಗಳಿಗೂ ಫಲ ಹೇಳುತ್ತದೆ. ಆದರೆ ಆ ಶ್ಲೋಕಗಳು ಯುತಿಯ ಸಾಮಾನ್ಯ ಸ್ವಭಾವವನ್ನು ಮಾತ್ರ ಹೇಳುವಂಥವು. ಅವನ್ನು ಯಾವ ಲಗ್ನದವರಿಗೆ (ಲಗ್ನ ಎಂದರೆ ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಉದಯಿಸುತ್ತಿದ್ದ ರಾಶಿ), ಯಾವ ಭಾವದಲ್ಲಿ (ಲಗ್ನವನ್ನು ಒಂದನೆಯದಾಗಿ ಎಣಿಸುವ ಹನ್ನೆರಡು ಮನೆಗಳಲ್ಲಿ ಒಂದು), ಎಷ್ಟು ಬಲದೊಡನೆ ಅನ್ವಯಿಸಬೇಕು ಎಂಬುದು ಜಾತಕವನ್ನು ಓದುವವನಿಗೆ ಬಿಟ್ಟ ಕೆಲಸ.

ಒಂದೇ ರಾಶಿಯಲ್ಲಿದ್ದರೆ ಸಾಕೇ, ಡಿಗ್ರಿಯನ್ನೂ ನೋಡಬೇಕೇ?

ನೋಡಲೇಬೇಕು. ಮೇಷದ 2ನೇ ಡಿಗ್ರಿಯಲ್ಲಿ ಒಂದು ಗ್ರಹ, 28ನೇ ಡಿಗ್ರಿಯಲ್ಲಿ ಇನ್ನೊಂದು ಗ್ರಹ ಇದ್ದರೆ ನಿಯಮದ ಪ್ರಕಾರ ಅದು ಯುತಿಯೇ ಸರಿ, ಆದರೆ ಅವುಗಳ ನಡುವೆ 26 ಡಿಗ್ರಿ ಅಂತರವಿದೆ. ಮೇಷದ 29ನೇ ಡಿಗ್ರಿಯಲ್ಲಿ ಒಂದು, ವೃಷಭದ 1ನೇ ಡಿಗ್ರಿಯಲ್ಲಿ ಇನ್ನೊಂದು ಇದ್ದರೆ ಅಂತರ ಕೇವಲ 2 ಡಿಗ್ರಿ, ಆದರೂ ಪರಾಶರ ಪದ್ಧತಿಯಲ್ಲಿ ಅದು ಯುತಿಯಲ್ಲ. ಎರಡು ಗ್ರಹಗಳ ಭಾವಾಧಿಪತ್ಯದ (ಯಾವ ಮನೆಗಳಿಗೆ ಒಡೆಯರೆಂಬುದರ) ಸಂಬಂಧವನ್ನು ಹೇಳುವಾಗ ರಾಶಿಯ ಗಡಿಯನ್ನೂ, ಅವುಗಳ ಸ್ವಭಾವ ಒಂದರೊಳಗೊಂದು ಬೆರೆಯುವ ತೀವ್ರತೆಯನ್ನು ಅಳೆಯುವಾಗ ಸ್ಫುಟದ (ಡಿಗ್ರಿಯಲ್ಲಿ ಹೇಳುವ ನಿಖರ ಸ್ಥಾನದ) ಅಂತರವನ್ನೂ ಪ್ರಧಾನವಾಗಿ ಇಟ್ಟುಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ತಾಜಿಕ ಪದ್ಧತಿಯಲ್ಲಿ, ಅಂದರೆ ವರ್ಷಫಲ ನೋಡುವ ಕ್ರಮದಲ್ಲಿ, ಪ್ರತಿ ಗ್ರಹಕ್ಕೂ ದೀಪ್ತಾಂಶ, ಅಂದರೆ ಅದರ ಪ್ರಭಾವ ಹರಡುವ ಡಿಗ್ರಿಗಳ ಮಿತಿ, ಇದೆ: ಸೂರ್ಯನಿಗೆ 15, ಚಂದ್ರನಿಗೆ 12, ಕುಜನಿಗೆ 8, ಬುಧನಿಗೆ 7, ಗುರುವಿಗೆ 9, ಶುಕ್ರನಿಗೆ 7, ಶನಿಗೆ 9. ವೇಗದ ಗ್ರಹವು ನಿಧಾನದ ಗ್ರಹದ ಕಡೆಗೆ ಸಾಗುತ್ತಿದೆಯೋ ಅಥವಾ ಅದನ್ನು ದಾಟಿ ದೂರವಾಗುತ್ತಿದೆಯೋ ಎಂಬುದನ್ನೂ ಆ ಪದ್ಧತಿ ಬೇರ್ಪಡಿಸುತ್ತದೆ; ಮೊದಲನೆಯದು ಇತ್ಥಶಾಲ, ಎರಡನೆಯದು ಈಶರಾಫ. ಜನ್ಮಕುಂಡಲಿಯಲ್ಲೂ ಈ ವಿವೇಕವನ್ನು ಎರವಲು ಪಡೆಯಬಹುದು, ಆದರೆ ಎರಡೂ ಪದ್ಧತಿಗಳ ನಿಯಮಗಳನ್ನು ಕಲಸಿ ಒಂದೇ ತೀರ್ಪಿಗೆ ಬರಬಾರದು.

ಯುತಿಯನ್ನು ಯಾವ ಕ್ರಮದಲ್ಲಿ ಓದಬೇಕು?

ಮೊದಲು ಲಗ್ನದಿಂದ ಆರಂಭಿಸಬೇಕು. ಸೇರಿದ ಗ್ರಹಗಳು ಆ ಲಗ್ನಕ್ಕೆ ಯಾವ ಯಾವ ಭಾವಗಳ ಅಧಿಪತಿಗಳು ಎಂಬುದು ಗೊತ್ತಾಗದ ಹೊರತು ಶುಭ, ಪಾಪ ಎಂಬ ಮಾತಿಗೆ ಅರ್ಥವಿಲ್ಲ. ಸ್ವಭಾವದಿಂದ ಪಾಪಗ್ರಹವಾದ ಶನಿಯು ವೃಷಭ ಲಗ್ನಕ್ಕೆ 9 ಮತ್ತು 10ರ ಅಧಿಪತಿಯಾಗಿ, ತುಲಾ ಲಗ್ನಕ್ಕೆ 4 ಮತ್ತು 5ರ ಅಧಿಪತಿಯಾಗಿ ಯೋಗಕಾರಕ, ಅಂದರೆ ವಿಶೇಷ ಶುಭಫಲ ಕೊಡುವವನು, ಆಗುತ್ತಾನೆ. ಕಟಕ ಮತ್ತು ಸಿಂಹ ಲಗ್ನಗಳಿಗೆ ಆ ಸ್ಥಾನ ಕುಜನದು. ಸ್ವಭಾವದಿಂದ ಶುಭನಾದ ಗುರುವೇ ವೃಷಭ ಲಗ್ನಕ್ಕೆ 8 ಮತ್ತು 11ರ ಅಧಿಪತಿಯಾಗಿ ತೊಡಕು ತರುತ್ತಾನೆ.

ಅನಂತರ ಯುತಿ ನಡೆದಿರುವ ಭಾವವನ್ನೂ, ಆ ರಾಶಿಯ ಅಧಿಪತಿಯನ್ನೂ ನೋಡಬೇಕು. ಬಾಡಿಗೆಗೆ ಬಂದ ಇಬ್ಬರ ಸುಖದುಃಖ ಮನೆಯೊಡೆಯನ ಸ್ಥಿತಿಯನ್ನು ಅವಲಂಬಿಸಿರುವಂತೆ, ರಾಶ್ಯಧಿಪತಿ ಬಲಹೀನನಾಗಿ ದುಃಸ್ಥಾನದಲ್ಲಿದ್ದರೆ (6, 8, 12ನೇ ಮನೆಗಳು) ಒಳ್ಳೆಯ ಯುತಿಯೂ ಅರ್ಧಕ್ಕೆ ನಿಲ್ಲುತ್ತದೆ. ಮೂರನೆಯದಾಗಿ, ಸೇರಿದ ಗ್ರಹಗಳಲ್ಲಿ ಯಾರು ಬಲಿಷ್ಠರು ಎಂದು ತೂಗಬೇಕು. ಉಚ್ಚ (ಗ್ರಹ ಅತ್ಯಂತ ಬಲ ಪಡೆಯುವ ರಾಶಿ; ಅದರ ಎದುರಿನದು ನೀಚ), ಸ್ವಕ್ಷೇತ್ರ (ಸ್ವಂತ ರಾಶಿ), ದಿಗ್ಬಲ (ನಿರ್ದಿಷ್ಟ ಮನೆಯಲ್ಲಿ ಸಿಗುವ ಬಲ), ವಕ್ರಗತಿ (ಹಿಮ್ಮುಖ ಚಲನೆ) ಮುಂತಾದವೆಲ್ಲ ಲೆಕ್ಕಕ್ಕೆ ಬರುತ್ತವೆ. ಷಡ್ಬಲವೆಂಬ ಆರು ಬಗೆಯ ಬಲಗಳಲ್ಲಿ ಉಳಿದವೆಲ್ಲ ಸರಿಸಮವಾದಾಗ ನೈಸರ್ಗಿಕ ಬಲ ತೀರ್ಮಾನಿಸುತ್ತದೆ; ಅದರಲ್ಲಿ ಸೂರ್ಯ, ಚಂದ್ರ, ಶುಕ್ರ, ಗುರು, ಬುಧ, ಕುಜ, ಶನಿ ಎಂಬುದು ಇಳಿಕೆಯ ಕ್ರಮ. ಇದಾದ ಮೇಲೆ ಕಾರಕತ್ವ (ಗ್ರಹ ಸಹಜವಾಗಿ ಸೂಚಿಸುವ ವಿಷಯಗಳು), ಹೊರಗಿನಿಂದ ಬೀಳುವ ದೃಷ್ಟಿ, ಕೊನೆಯಲ್ಲಿ ದಶೆ (ಒಂದೊಂದು ಗ್ರಹದ ಆಳ್ವಿಕೆಯ ವರ್ಷಗಳು). ಯೋಗದ ಹೆಸರನ್ನು ಇಷ್ಟೆಲ್ಲ ಮುಗಿದ ಮೇಲೆ ನೆನಪಿಸಿಕೊಂಡರೆ ಸಾಕು.

ಒಂದು ಉದಾಹರಣೆಯೊಂದಿಗೆ ವಿವರಿಸಬಹುದೇ?

2020ರ ಡಿಸೆಂಬರ್ 21ರ ಗುರು ಶನಿ ಯುತಿಯನ್ನು ತೆಗೆದುಕೊಳ್ಳೋಣ. ಇವೆರಡು ಸುಮಾರು 20 ವರ್ಷಕ್ಕೊಮ್ಮೆ ಸೇರುತ್ತವೆ. ಅದಕ್ಕೆ ಹಿಂದಿನದು 2000ದ ಮೇ ತಿಂಗಳಲ್ಲಿ ಮೇಷದಲ್ಲಿ ಆಗಿತ್ತು, ಮುಂದಿನದು 2040ರಲ್ಲಿ ಕನ್ಯಾದಲ್ಲಿ ಆಗಲಿದೆ. 2020ರಲ್ಲಿ ಎರಡೂ ಗ್ರಹಗಳು ಮಕರದ 6 ಡಿಗ್ರಿ ದಾಟಿ ಉತ್ತರಾಷಾಢ ನಕ್ಷತ್ರದ ಮೂರನೇ ಪಾದದಲ್ಲಿದ್ದವು. ಮಕರವು ಶನಿಗೆ ಸ್ವಕ್ಷೇತ್ರ, ಗುರುವಿಗೆ ನೀಚರಾಶಿ, ಅದೂ ಪರಮನೀಚದ 5ನೇ ಡಿಗ್ರಿಗೆ ಬಹಳ ಸಮೀಪ. ನೀಚನಾದ ಗುರುವಿನ ರಾಶ್ಯಧಿಪತಿಯೇ ಜೊತೆಗಿರುವುದು ನೀಚಭಂಗಕ್ಕೆ, ಅಂದರೆ ನೀಚದೋಷ ಕಳೆಯುವುದಕ್ಕೆ, ಒಂದು ಕಾರಣ. ಇಷ್ಟು ಸಂಗತಿ ಅಂದು ಹುಟ್ಟಿದ ಎಲ್ಲರಿಗೂ ಸಮಾನ.

ವ್ಯತ್ಯಾಸ ಇನ್ನು ಮುಂದಿದೆ. ಅಂದು ಮಧ್ಯಾಹ್ನ ಭಾರತದಲ್ಲಿ ಮೇಷ ಲಗ್ನದಲ್ಲಿ ಜನಿಸಿದ ಮಗುವಿಗೆ ಗುರು 9 ಮತ್ತು 12ರ ಅಧಿಪತಿ, ಶನಿ 10 ಮತ್ತು 11ರ ಅಧಿಪತಿ. ಇವರ ಯುತಿ 10ನೇ ಮನೆಯಲ್ಲಿ ಆಗಿರುವುದರಿಂದ ಧರ್ಮಕರ್ಮಾಧಿಪತಿ ಯೋಗ ಉಂಟಾಗುತ್ತದೆ, ಜೊತೆಗೆ ಶನಿಯು ಸ್ವಂತ ರಾಶಿಯಲ್ಲೇ 10ರಲ್ಲಿ ಇರುವುದರಿಂದ ಶಶಯೋಗವೂ ಇದೆ. ವೃತ್ತಿಯಲ್ಲಿ ನಿಧಾನವಾದರೂ ಗಟ್ಟಿಯಾದ ಏಳಿಗೆ, ನಿಯಮ ಮತ್ತು ಹೊಣೆಗಾರಿಕೆಯ ಕೆಲಸಗಳಲ್ಲಿ ಹೆಸರು ಎಂದು ಹೇಳಲು ಆಧಾರವಿದೆ.

ಸೂರ್ಯಾಸ್ತವಾದ ಮೇಲೆ, ಜನರು ಪಶ್ಚಿಮದ ಆಕಾಶದಲ್ಲಿ ಆ ಜೋಡಿಯನ್ನು ನೋಡುತ್ತಿದ್ದ ಹೊತ್ತಿಗೆ, ಉದಯಿಸುತ್ತಿದ್ದದ್ದು ಮಿಥುನ ಲಗ್ನ. ಆ ಲಗ್ನಕ್ಕೆ ಶನಿ 8 ಮತ್ತು 9ರ ಅಧಿಪತಿ, ಗುರು 7 ಮತ್ತು 10ರ ಅಧಿಪತಿ. ಇಲ್ಲಿಯೂ 9 ಮತ್ತು 10ರ ಅಧಿಪತಿಗಳೇ ಸೇರಿದ್ದಾರೆ, ಆದ್ದರಿಂದ ಪುಸ್ತಕದಲ್ಲಿ ಹುಡುಕಿದರೆ ಅದೇ ಯೋಗದ ಹೆಸರು ಸಿಗುತ್ತದೆ. ಆದರೆ ಯುತಿ ನಡೆದಿರುವುದು ಅಷ್ಟಮದಲ್ಲಿ. ಶನಿ ಅಷ್ಟಮಾಧಿಪತಿಯಾಗಿ ತನ್ನ ಮನೆಯಲ್ಲೇ ಇರುವುದು ಆಯುಷ್ಯಕ್ಕೆ ಒಳ್ಳೆಯದು, ಸಂಶೋಧನೆ, ವಿಮೆ, ಪಿತ್ರಾರ್ಜಿತ ಇಂಥ ವಿಷಯಗಳಿಗೆ ಬಲ ಕೊಡುತ್ತದೆ. ವೃತ್ತಿಯ ಹಾದಿಯಲ್ಲಿ ಮಾತ್ರ ಅಡೆತಡೆಗಳು, ಅನಿರೀಕ್ಷಿತ ತಿರುವುಗಳು ಹೆಚ್ಚು. ರಾತ್ರಿ ಕಟಕ ಲಗ್ನದಲ್ಲಿ ಹುಟ್ಟಿದವರಿಗೆ ಅದೇ ಜೋಡಿ ಸಪ್ತಮಕ್ಕೆ ಬಂತು. ಅಲ್ಲಿ ಶನಿಗೆ ದಿಗ್ಬಲ, ಗುರುವಿನ ದೃಷ್ಟಿ ನೇರವಾಗಿ ಲಗ್ನದ ಮೇಲೆ. ವಿಷಯ ವೃತ್ತಿಯಿಂದ ವಿವಾಹ ಮತ್ತು ಪಾಲುದಾರಿಕೆಯ ಕಡೆಗೆ ತಿರುಗುತ್ತದೆ, ವಿಳಂಬದ ವಿವಾಹ ಅಥವಾ ವಯಸ್ಸಿಗೆ ಮೀರಿದ ಗಾಂಭೀರ್ಯದ ಸಂಗಾತಿ ಎಂಬ ಫಲ ಮುಂದೆ ಬರುತ್ತದೆ. ಎಂಟು ಗಂಟೆಗಳೊಳಗೆ ಒಂದೇ ಯುತಿಗೆ ಮೂರು ಬಗೆಯ ಓದು. ವಾರಪತ್ರಿಕೆಗಳ ರಾಶಿಫಲದಲ್ಲಿ ಇದಕ್ಕೆ ಜಾಗವಿಲ್ಲ.

ಮಿತ್ರಗ್ರಹಗಳು ಸೇರಿದರೆ ಶುಭ, ಶತ್ರುಗಳು ಸೇರಿದರೆ ಅಶುಭ ಎಂಬುದು ಸರಿಯೇ?

ಅಷ್ಟು ಸರಳವಾಗಿಲ್ಲ. ನೈಸರ್ಗಿಕ ಮೈತ್ರಿಯ ಜೊತೆಗೆ ತಾತ್ಕಾಲಿಕ ಮೈತ್ರಿಯನ್ನೂ ಸೇರಿಸಿ ಐದು ಹಂತಗಳ ಪಂಚಧಾ ಮೈತ್ರಿಯನ್ನು ಲೆಕ್ಕ ಹಾಕಬೇಕೆಂಬುದು ನಿಯಮ. ತಾತ್ಕಾಲಿಕವಾಗಿ, ಒಂದು ಗ್ರಹದಿಂದ 2, 3, 4, 10, 11, 12ನೇ ಮನೆಗಳಲ್ಲಿ ಇರುವವು ಮಿತ್ರರು, ಉಳಿದ ಸ್ಥಾನಗಳಲ್ಲಿ ಇರುವವು ಶತ್ರುಗಳು. ಒಂದೇ ರಾಶಿಯಲ್ಲಿ ಇರುವವು ಈ ಎರಡನೇ ಗುಂಪಿಗೆ ಸೇರುತ್ತವೆ. ಹಾಗಾಗಿ ಯುತಿಯಲ್ಲಿ ನೈಸರ್ಗಿಕ ಮಿತ್ರನು ಸಮನಾಗುತ್ತಾನೆ, ಸಮನು ಶತ್ರುವಾಗುತ್ತಾನೆ, ಶತ್ರುವು ಅಧಿಶತ್ರುವಾಗುತ್ತಾನೆ. ಸೂರ್ಯ ಮತ್ತು ಗುರು ಪರಸ್ಪರ ಮಿತ್ರರಾದರೂ ಒಂದೇ ಮನೆಯಲ್ಲಿ ಸಮರಷ್ಟೇ.

ಮೈತ್ರಿ ಎರಡೂ ಕಡೆಯಿಂದ ಒಂದೇ ರೀತಿ ಇರಬೇಕೆಂದೂ ಇಲ್ಲ. ಬುಧನಿಗೆ ಚಂದ್ರ ಶತ್ರು, ಚಂದ್ರನಿಗೆ ಬುಧ ಮಿತ್ರ. ಇಂಥ ಯುತಿಯಲ್ಲಿ ಚಂದ್ರನ ಆಧಿಪತ್ಯದ ಭಾವಕ್ಕೂ ಬುಧನ ಆಧಿಪತ್ಯದ ಭಾವಕ್ಕೂ ಸಿಗುವ ಫಲ ಸಮಾನವಾಗಿರುವುದಿಲ್ಲ. ಆದರೂ ಮೈತ್ರಿಯ ಕೋಷ್ಟಕಕ್ಕೆ ಭಾವಾಧಿಪತ್ಯಕ್ಕಿಂತ ಹೆಚ್ಚಿನ ತೂಕ ಕೊಡುವುದು ಸರಿಯಲ್ಲ: ಕೇಂದ್ರ (1, 4, 7, 10ನೇ ಮನೆ) ಮತ್ತು ತ್ರಿಕೋಣಗಳ (1, 5, 9ನೇ ಮನೆ) ಅಧಿಪತಿಗಳಾದ ಇಬ್ಬರು ನೈಸರ್ಗಿಕ ಶತ್ರುಗಳು ಸೇರಿದರೂ ರಾಜಯೋಗ ಆಗಿಯೇ ಆಗುತ್ತದೆ, ಅದು ಸ್ವಲ್ಪ ತಿಕ್ಕಾಟದ ಮೂಲಕ ಕೈಗೂಡುತ್ತದೆ ಅಷ್ಟೇ.

ಸೂರ್ಯನೊಡನೆ ಇರುವ ಗ್ರಹ ಯಾವಾಗ ಅಸ್ತವಾಗುತ್ತದೆ?

ಸೂರ್ಯನಿಗೆ ನಿಗದಿತ ಅಂತರಕ್ಕಿಂತ ಹತ್ತಿರ ಬಂದು ಅವನ ಬೆಳಕಿನಲ್ಲಿ ಮರೆಯಾದಾಗ. ಚಂದ್ರನಿಗೆ 12, ಕುಜನಿಗೆ 17, ಬುಧನಿಗೆ 14, ಗುರುವಿಗೆ 11, ಶುಕ್ರನಿಗೆ 10, ಶನಿಗೆ 15 ಡಿಗ್ರಿ ಎಂಬುದು ಪ್ರಚಲಿತ ಲೆಕ್ಕ. ವಕ್ರಿಯಾದ ಬುಧನಿಗೆ 12, ವಕ್ರಿಯಾದ ಶುಕ್ರನಿಗೆ 8 ಎಂದು ಕಡಿಮೆ ಮಾಡಲಾಗುತ್ತದೆ. ಚಂದ್ರನ 12 ಡಿಗ್ರಿ ಎಂದರೆ ಸರಿಯಾಗಿ ಒಂದು ತಿಥಿಯ ಪ್ರಮಾಣ. ಅಮಾವಾಸ್ಯೆ ಮತ್ತು ಶುಕ್ಲ ಪಾಡ್ಯದಂದು ಹುಟ್ಟಿದವರ ಚಂದ್ರ ಈ ಮಿತಿಯೊಳಗೆ ಇರುತ್ತಾನೆ. ಪಂಚಾಂಗದಲ್ಲಿ ಗುರುಮೌಢ್ಯ, ಶುಕ್ರಮೌಢ್ಯ ಎಂದು ಗುರುತಿಸಿ ವಿವಾಹಾದಿ ಶುಭಕಾರ್ಯಗಳನ್ನು ಬಿಡುವುದಕ್ಕೂ ಇದೇ ಅಸ್ತ ಕಾರಣ.

ಜಾತಕದಲ್ಲಿ ಅಸ್ತವಾದ ಗ್ರಹ ಸತ್ತೇಹೋಯಿತೆಂದು ತಿಳಿಯಬಾರದು. ಅದರ ಕಾರಕತ್ವ ಮಂಕಾಗುತ್ತದೆ, ಆದರೆ ಭಾವಾಧಿಪತ್ಯದ ಫಲ ಸೂರ್ಯನ ಮೂಲಕ ಹರಿಯಬಹುದು. ಸೂರ್ಯನು ಆ ಲಗ್ನಕ್ಕೆ ಶುಭನೋ ಅಲ್ಲವೋ ಎಂಬುದರ ಮೇಲೆ ಉಳಿದದ್ದು ನಿಂತಿದೆ.

ಬುಧಾದಿತ್ಯ ಯೋಗ ಇದ್ದರೆ ವಿಶೇಷ ಬುದ್ಧಿವಂತಿಕೆ ಖಚಿತವೇ?

ಖಚಿತವಲ್ಲ, ಏಕೆಂದರೆ ಸೂರ್ಯ ಬುಧರು ಸೇರಿದಾಗ ಆಗುವ ಈ ಯೋಗ ಬಹಳ ಸಾಮಾನ್ಯ. ಭೂಮಿಯಿಂದ ನೋಡಿದಾಗ ಬುಧನು ಸೂರ್ಯನಿಂದ ಸುಮಾರು 28 ಡಿಗ್ರಿಗಿಂತ ಹೆಚ್ಚು ದೂರ ಹೋಗಲಾರ. ಆದ್ದರಿಂದ ಪ್ರತಿಯೊಬ್ಬರ ಜಾತಕದಲ್ಲೂ ಬುಧನು ಸೂರ್ಯನಿರುವ ರಾಶಿಯಲ್ಲಿ ಅಥವಾ ಅದರ ಪಕ್ಕದ ರಾಶಿಯಲ್ಲೇ ಇರುತ್ತಾನೆ. ಇಷ್ಟು ಸುಲಭವಾಗಿ ಸಿಗುವ ಯೋಗಕ್ಕೆ ದೊಡ್ಡ ಫಲ ಹೇಳಬೇಕಾದರೆ ಇನ್ನಷ್ಟು ಷರತ್ತುಗಳು ಕೂಡಿಬರಬೇಕು: ಬುಧನು ಅಸ್ತದ ಮಿತಿಯಿಂದ ಹೊರಗಿರುವುದು, ಮಿಥುನ, ಕನ್ಯಾ ಅಥವಾ ಸಿಂಹದಲ್ಲಿ ಯುತಿ ಆಗಿರುವುದು, ಕೇಂದ್ರ ತ್ರಿಕೋಣದ ಸಂಬಂಧ ಇರುವುದು. ಬುಧನು ಸದಾ ಸೂರ್ಯನ ಸಮೀಪದವನೇ ಆದ್ದರಿಂದ ಅವನಿಗೆ ಅಸ್ತದೋಷ ಅಷ್ಟಾಗಿ ತಟ್ಟದು ಎಂಬ ಪಕ್ಷವೂ ಇದೆ. ನಾನು ಆ ಪಕ್ಷವನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಒಂದೆರಡು ಡಿಗ್ರಿಯೊಳಗಿನ ಬುಧನನ್ನೂ 13 ಡಿಗ್ರಿ ದೂರದ ಬುಧನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಗ್ರಹಯುದ್ಧ ಎಂದರೇನು? ಗೆದ್ದವರು ಯಾರೆಂದು ಹೇಗೆ ತಿಳಿಯುವುದು?

ಕುಜ, ಬುಧ, ಗುರು, ಶುಕ್ರ, ಶನಿ ಎಂಬ ಐದು ತಾರಾಗ್ರಹಗಳಲ್ಲಿ ಎರಡು 1 ಡಿಗ್ರಿಯೊಳಗೆ ಬಂದಾಗ ಅದನ್ನು ಗ್ರಹಯುದ್ಧವೆಂದು ಕರೆಯುವುದು ರೂಢಿ. ಸೂರ್ಯ, ಚಂದ್ರ, ರಾಹು, ಕೇತುಗಳಿಗೆ ಯುದ್ಧವಿಲ್ಲ. ಸೂರ್ಯನ ಸಾಮೀಪ್ಯ ಅಸ್ತವೆನಿಸುತ್ತದೆ, ಚಂದ್ರನೊಡನೆ ಸೇರುವುದನ್ನು ಸೂರ್ಯಸಿದ್ಧಾಂತವು ಸಮಾಗಮ ಎನ್ನುತ್ತದೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಯುದ್ಧದ ನಾಲ್ಕು ಬಗೆಗಳಿವೆ, ಒಂದು ಗ್ರಹವು ಇನ್ನೊಂದನ್ನು ಮರೆಮಾಡುವ ಭೇದ, ಬಿಂಬಗಳು ತಾಗಿದಂತೆ ಕಾಣುವ ಉಲ್ಲೇಖ, ಕಿರಣಗಳು ಬೆರೆಯುವ ಅಂಶುಮರ್ದನ, ಪಕ್ಕಪಕ್ಕದಲ್ಲಿ ಹಾದುಹೋಗುವ ಅಪಸವ್ಯ.

ಗೆಲುವನ್ನು ನಿರ್ಧರಿಸಲು ಉತ್ತರದಲ್ಲಿ ಇರುವುದು, ಬಿಂಬ ದೊಡ್ಡದಾಗಿರುವುದು, ಕಾಂತಿಯುತವಾಗಿ ಇರುವುದು ಎಂಬ ಲಕ್ಷಣಗಳನ್ನು ಹೇಳಲಾಗಿದೆ. ಶುಕ್ರನು ದಕ್ಷಿಣದಲ್ಲಿದ್ದರೂ ಸಾಮಾನ್ಯವಾಗಿ ಗೆಲ್ಲುತ್ತಾನೆಂಬ ವಿನಾಯಿತಿಯೂ ಇದೆ. ಈ ಲಕ್ಷಣಗಳು ಯಾವಾಗಲೂ ಒಂದೇ ಕಡೆಗೆ ಬೆರಳು ತೋರಿಸುವುದಿಲ್ಲ ಎಂಬುದಕ್ಕೆ 2020ರ ಯುತಿಯೇ ಸಾಕ್ಷಿ. ಅಂದು ಗುರು ಶನಿಯರ ನಡುವಿನ ಅಂತರ ಸುಮಾರು 6 ಕಲೆಗಳಷ್ಟೇ, ಅಂದರೆ ಒಂದು ಡಿಗ್ರಿಯ ಹತ್ತನೇ ಒಂದು ಭಾಗ. ಶನಿ ಉತ್ತರಕ್ಕಿದ್ದ, ಗುರು ದಕ್ಷಿಣಕ್ಕಿದ್ದ. ಆದರೆ ಕಾಂತಿಯಲ್ಲೂ ಬಿಂಬದಲ್ಲೂ ಗುರುವೇ ಮೇಲು. ದಿಕ್ಕನ್ನು ಹಿಡಿದವನು ಶನಿ ಗೆದ್ದನೆನ್ನುತ್ತಾನೆ, ಕಾಂತಿಯನ್ನು ಹಿಡಿದವನು ಗುರು ಗೆದ್ದನೆನ್ನುತ್ತಾನೆ. ರಾಶಿಬಲವನ್ನೂ ಸೇರಿಸಿದರೆ ಸ್ವಕ್ಷೇತ್ರದ ಶನಿಯ ಕಡೆಗೇ ತಕ್ಕಡಿ ವಾಲುತ್ತದೆಂದು ನನಗೆ ಅನಿಸುತ್ತದೆ. ಆದರೂ ಅಂಥ ಜಾತಕದಲ್ಲಿ ಗುರು ಪೂರ್ತಿ ಸೋತನೆಂದು ಬರೆದುಬಿಡುವ ಧೈರ್ಯ ಬೇಡ.

ಶನಿ ಚಂದ್ರರ ಯುತಿ ವಿಷಯೋಗವಂತೆ. ಭಯಪಡಬೇಕೇ?

ಮೊದಲು ಗಣಿತವನ್ನು ನೋಡೋಣ. ಚಂದ್ರನು ಒಂದು ರಾಶಿಯನ್ನು ದಾಟಲು ಸುಮಾರು ಎರಡೂಕಾಲು ದಿನ ತೆಗೆದುಕೊಂಡು, 27 ದಿನಕ್ಕೊಮ್ಮೆ ಶನಿಯಿರುವ ರಾಶಿಗೆ ಬರುತ್ತಾನೆ. ಹಾಗಾಗಿ ಹುಟ್ಟುವ ಹನ್ನೆರಡು ಮಂದಿಯಲ್ಲಿ ಹೆಚ್ಚು ಕಡಿಮೆ ಒಬ್ಬರಿಗೆ ಈ ಯುತಿ ಇದ್ದೇ ಇರುತ್ತದೆ. ಇಷ್ಟೊಂದು ಜನರ ಬಾಳೆಲ್ಲ ವಿಷವಾಗಿದೆ ಎಂದು ನಂಬಲು ಸಾಧ್ಯವಿಲ್ಲ.

ಚಂದ್ರನು ಮನಸ್ಸಿಗೂ ತಾಯಿಗೂ ಕಾರಕ. ಶನಿಯು ವಿಳಂಬ, ಶ್ರಮ, ವಿರಕ್ತಿಗಳ ಕಾರಕ. ಇವರು ಸೇರಿದಾಗ ಬಾಲ್ಯದಲ್ಲೇ ಹೊಣೆ ಹೊರುವುದು, ಭಾವನೆಗಳನ್ನು ಒಳಗೇ ಇಟ್ಟುಕೊಳ್ಳುವುದು, ಆಗಾಗ್ಗೆ ಚಿಂತೆ, ತಾಯಿಯ ಕಷ್ಟವನ್ನು ಹತ್ತಿರದಿಂದ ಕಾಣುವುದು ಎಂಬ ಫಲಗಳನ್ನು ಹೇಳುವುದುಂಟು. ಅದೇ ಯುತಿ ತಾಳ್ಮೆಯನ್ನೂ ದೀರ್ಘ ಪರಿಶ್ರಮದ ಶಕ್ತಿಯನ್ನೂ ಕೊಡುತ್ತದೆ. ಚಂದ್ರನು ಶುಕ್ಲಪಕ್ಷದ ದಶಮಿಯ ಆಚೆಯವನೋ ಕೃಷ್ಣಪಕ್ಷದ ಕೊನೆಯವನೋ ಎಂಬ ಪಕ್ಷಬಲವನ್ನು ಇಲ್ಲಿ ಮರೆಯಲೇಬಾರದು. ತುಲಾ ಲಗ್ನದವರನ್ನು ನೋಡಿ: ಅವರಿಗೆ ಶನಿ 4 ಮತ್ತು 5ರ ಅಧಿಪತಿ, ಚಂದ್ರ 10ರ ಅಧಿಪತಿ. ಈ ಇಬ್ಬರು ತುಲಾದಲ್ಲೇ ಸೇರಿದರೆ ಶನಿ ಉಚ್ಚನಾಗಿ, ಪಂಚಮಾಧಿಪತಿ ಮತ್ತು ದಶಮಾಧಿಪತಿ ಲಗ್ನದಲ್ಲಿ ಕೂಡಿದ ರಾಜಯೋಗವಾಗುತ್ತದೆ. ಹಾಗಿದ್ದರೂ ವಿಷಯೋಗವೆಂಬ ಒಂದೇ ಪದ ಹೇಳಿ ಕಳುಹಿಸುವವರು ಇದ್ದಾರೆ.

ಮನಸ್ಸಿನ ಬಾಧೆ ನಿಜವಾಗಿಯೂ ತೀವ್ರವಾಗಿದ್ದರೆ ಕಾಣಬೇಕಾದ್ದು ವೈದ್ಯರನ್ನು. ಜಾತಕ ಆ ಜಾಗವನ್ನು ತುಂಬಲಾರದು.

ರಾಹು ಕೇತುಗಳ ಜೊತೆಗಿನ ಯುತಿಯನ್ನು ಬೇರೆಯಾಗಿ ನೋಡಬೇಕೇ?

ಹೌದು. ಇವು ಬಿಂಬವಿಲ್ಲದ ಛಾಯಾಗ್ರಹಗಳು, ಚಂದ್ರನ ಪಥ ಕ್ರಾಂತಿವೃತ್ತವನ್ನು, ಅಂದರೆ ಆಕಾಶದಲ್ಲಿ ಸೂರ್ಯನ ಪಥವನ್ನು, ಕಡಿಯುವ ಎರಡು ಬಿಂದುಗಳು. ತಮ್ಮದೇ ಆದ ಭಾವಾಧಿಪತ್ಯಕ್ಕಿಂತ ಹೆಚ್ಚಾಗಿ, ಇರುವ ರಾಶಿಯ ಅಧಿಪತಿ ಮತ್ತು ಜೊತೆಗಿರುವ ಗ್ರಹದ ಫಲವನ್ನೇ ಇವು ಕೊಡುತ್ತವೆ ಎಂಬುದು ಪರಾಶರ ಸಂಪ್ರದಾಯದ ನಿಲುವು. ಕೇಂದ್ರದಲ್ಲಿರುವ ರಾಹುವಿಗೆ ತ್ರಿಕೋಣಾಧಿಪತಿಯ ಸಂಬಂಧವೋ, ತ್ರಿಕೋಣದಲ್ಲಿರುವ ರಾಹುವಿಗೆ ಕೇಂದ್ರಾಧಿಪತಿಯ ಸಂಬಂಧವೋ ಒದಗಿದರೆ ಅವನೂ ಯೋಗಕಾರಕ.

ಗುರು ರಾಹು ಸೇರಿದರೆ ಗುರುಚಾಂಡಾಲ ಯೋಗ ಎನ್ನುವ ಮಾತನ್ನು ಎಲ್ಲರೂ ಕೇಳಿರುತ್ತಾರೆ. 2023ರ ಏಪ್ರಿಲ್ 22ರ ಸುಮಾರಿಗೆ ಗುರು ಮೇಷಕ್ಕೆ ಬಂದಾಗ ರಾಹು ಅಲ್ಲಿಯೇ ಇದ್ದನು; ಅಕ್ಟೋಬರ್ ಕೊನೆಯಲ್ಲಿ ರಾಹು ಮೀನಕ್ಕೆ ಸರಿಯುವವರೆಗೂ ಆ ಯುತಿ ಮುಂದುವರಿಯಿತು. ಆ ಆರು ತಿಂಗಳಲ್ಲಿ ಜಗತ್ತಿನಲ್ಲಿ ಹುಟ್ಟಿದ ಮಕ್ಕಳೆಲ್ಲರಿಗೂ ಈ ಯೋಗವಿದೆ. ಇಡೀ ಒಂದು ತಲೆಮಾರಿನ ತುಣುಕಿಗೆ ಧರ್ಮಭ್ರಷ್ಟತೆಯ ಪಟ್ಟ ಕಟ್ಟುವುದಕ್ಕಿಂತ, ಸ್ಫುಟದ ಅಂತರ, ಮೇಷಾಧಿಪತಿ ಕುಜನ ಸ್ಥಿತಿ ಮತ್ತು ಲಗ್ನವನ್ನು ನೋಡಿ ಒಬ್ಬೊಬ್ಬರಿಗೂ ಬೇರೆಯಾಗಿ ಹೇಳುವುದು ಸರಿ. ಸಂಪ್ರದಾಯವನ್ನು ಪ್ರಶ್ನಿಸುವ ಬುದ್ಧಿ, ಪರಭಾಷೆ ಮತ್ತು ಪರದೇಶಗಳ ವಿದ್ಯೆಯಲ್ಲಿ ಆಸಕ್ತಿ, ಗುರುಗಳ ಆಯ್ಕೆಯಲ್ಲಿ ಎಡವುವ ಸಾಧ್ಯತೆ, ಇವೆಲ್ಲ ಈ ಯುತಿಯ ವ್ಯಾಪ್ತಿಯಲ್ಲಿ ಬರುತ್ತವೆ.

ನಾಲ್ಕಾರು ಗ್ರಹಗಳು ಒಂದೇ ಮನೆಯಲ್ಲಿದ್ದರೆ?

ನಾಲ್ಕು ಅಥವಾ ಹೆಚ್ಚು ಗ್ರಹಗಳು ಒಂದೆಡೆ ಸೇರಿದರೆ ಪ್ರವ್ರಜ್ಯಾ ಯೋಗ, ಅಂದರೆ ಸಂನ್ಯಾಸದ ಸೂಚನೆ ಎಂದು ಬೃಹಜ್ಜಾತಕ ಹೇಳುತ್ತದೆ. ಅವುಗಳಲ್ಲಿ ಅತ್ಯಂತ ಬಲಿಷ್ಠನಾದ ಗ್ರಹವು ಯಾವ ಬಗೆಯ ಸಂನ್ಯಾಸ ಎಂಬುದನ್ನು ಸೂಚಿಸುತ್ತದೆ. ಗೃಹಸ್ಥರ ಜಾತಕಗಳಲ್ಲೂ ಇಂಥ ಕೂಟ ಕಾಣಸಿಗುವುದರಿಂದ, ಒಂದೇ ವಿಷಯಕ್ಕೆ ಜೀವನವನ್ನು ಮುಡಿಪಾಗಿಡುವ ಸ್ವಭಾವ ಎಂದು ಓದುವುದು ಹೆಚ್ಚು ಹೊಂದುತ್ತದೆ. ಅಂಥ ಕುಂಡಲಿಯಲ್ಲಿ ಜೋಡಿ ಜೋಡಿಯಾಗಿ ಫಲ ಕೂಡಿಸುತ್ತಾ ಹೋದರೆ ಉತ್ತರ ಗೋಜಲಾಗುತ್ತದೆ. ಸ್ಫುಟದ ಕ್ರಮದಲ್ಲಿ ಗ್ರಹಗಳನ್ನು ಸಾಲಾಗಿ ಬರೆದುಕೊಂಡು, ಅಸ್ತವಾದವನ್ನು ಗುರುತಿಸಿ, ಬಹಳ ಹತ್ತಿರವಿರುವ ಜೋಡಿಯಿಂದ ಆರಂಭಿಸಬೇಕು.

ಲೋಕದ ಮಟ್ಟದಲ್ಲಿ ಇಂಥ ಕೂಟಗಳು ಎಬ್ಬಿಸುವ ಭೀತಿಗೆ 1962ರ ಫೆಬ್ರವರಿ 3ರಿಂದ 5ರವರೆಗಿನ ಅಷ್ಟಗ್ರಹ ಕೂಟ ಒಳ್ಳೆಯ ಉದಾಹರಣೆ. ಸೂರ್ಯ, ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿ, ಕೇತು ಎಂಟೂ ಮಕರದಲ್ಲಿದ್ದವು, 5ರಂದು ಸೂರ್ಯಗ್ರಹಣವೂ ಆಯಿತು. ಪ್ರಳಯವಾಗುತ್ತದೆಂಬ ಸುದ್ದಿ ಹಬ್ಬಿ ದೇಶದ ಉದ್ದಗಲಕ್ಕೂ ಹೋಮ ಹವನಗಳು ನಡೆದವು. ಪ್ರಳಯವೇನೂ ಆಗಲಿಲ್ಲ.

ಯುತಿಯ ಫಲ ಯಾವಾಗ ಸಿಗುತ್ತದೆ?

ಸೇರಿದ ಗ್ರಹಗಳ ದಶೆ ಮತ್ತು ಭುಕ್ತಿಗಳಲ್ಲಿ (ಭುಕ್ತಿ ಎಂದರೆ ದಶೆಯೊಳಗಿನ ಉಪ ಅವಧಿ). ಒಂದು ಗ್ರಹವು ತನ್ನ ದಶೆಯ ಮುಖ್ಯ ಫಲವನ್ನು ತನಗೆ ಸಂಬಂಧಿಸಿದ ಗ್ರಹದ ಭುಕ್ತಿಯಲ್ಲಿ ಕೊಡುತ್ತದೆ ಎಂಬುದು ಪರಾಶರ ಸಂಪ್ರದಾಯದ ಸೂತ್ರ, ಮತ್ತು ಸಂಬಂಧಗಳಲ್ಲೆಲ್ಲ ಯುತಿಯೇ ಗಟ್ಟಿಯಾದದ್ದು. ವಿಂಶೋತ್ತರಿ ದಶಾಕ್ರಮದ 120 ವರ್ಷಗಳಲ್ಲಿ ಗುರುವಿಗೆ 16, ಶನಿಗೆ 19. ಹಾಗಾಗಿ ಗುರುದಶೆಯಲ್ಲಿ ಶನಿಭುಕ್ತಿ 2 ವರ್ಷ 6 ತಿಂಗಳು 12 ದಿನ. ಶನಿದಶೆಯಲ್ಲಿ ಗುರುಭುಕ್ತಿಯೂ ಅಷ್ಟೇ. ಗುರು ಶನಿ ಯುತಿ ಇದ್ದವರಿಗೆ ಈ ಎರಡು ಅವಧಿಗಳು ನಿರ್ಣಾಯಕ.

2020ರ ಡಿಸೆಂಬರ್ 21ರ ಸಂಜೆ ಚಂದ್ರ ಪೂರ್ವಾಭಾದ್ರ ನಕ್ಷತ್ರದ ಕೊನೆಯ ಭಾಗದಲ್ಲಿದ್ದ. ಮೊದಲ ದಶೆ ಚಂದ್ರನಿರುವ ನಕ್ಷತ್ರದ ಅಧಿಪತಿಯದು, ಆ ನಕ್ಷತ್ರಕ್ಕೆ ಗುರುವೇ ಅಧಿಪತಿ. ಆಗ ಹುಟ್ಟಿದ ಮಗುವಿಗೆ ಶಿಷ್ಟ ಗುರುದಶೆ ಕೆಲವೇ ವರ್ಷ ಉಳಿದು, ಅನಂತರ ಶನಿದಶೆ ಆರಂಭವಾಗುತ್ತದೆ. ಆ ಯುತಿಯ ಫಲದ ಬಹುಪಾಲು ಬಾಲ್ಯ ಮತ್ತು ತಾರುಣ್ಯದಲ್ಲೇ ಮುಗಿದುಹೋಗುವುದರಿಂದ, ಅದು ವೃತ್ತಿಯ ಯೋಗವಾಗುವುದಕ್ಕಿಂತ ವಿದ್ಯಾಭ್ಯಾಸದ ಮತ್ತು ಮನೆಯ ಪರಿಸ್ಥಿತಿಯ ಯೋಗವಾಗಿ ಕಾಣಿಸಿಕೊಳ್ಳಬಹುದು. ಯೋಗ ಎಷ್ಟೇ ದೊಡ್ಡದಿರಲಿ, ಅದರ ದಶೆ ಬರುವ ವಯಸ್ಸು ಫಲದ ರೂಪವನ್ನು ಬದಲಿಸುತ್ತದೆ.

ನವಾಂಶದಲ್ಲೂ ಯುತಿಯನ್ನು ನೋಡಬೇಕೇ?

ನೋಡಬೇಕು. ರಾಶಿಕುಂಡಲಿಯಲ್ಲಿ ಸೇರಿದ ಗ್ರಹಗಳು ರಾಶಿಯ ಒಂಬತ್ತನೇ ಒಂದು ಭಾಗವಾದ 3 ಡಿಗ್ರಿ 20 ಕಲೆಗಳ ಒಂದೇ ನವಾಂಶದೊಳಗೆ ಇದ್ದರೆ ನವಾಂಶದಲ್ಲೂ ಜೊತೆಗಿರುತ್ತವೆ, ಆಗ ಯುತಿಯ ಫಲ ದೃಢ. ಮೇಲೆ ಹೇಳಿದ ಗುರು ಶನಿಯರು ನವಾಂಶದಲ್ಲೂ ಕುಂಭದಲ್ಲಿ ಒಟ್ಟಿಗಿದ್ದರು, ಅದೂ ಶನಿಯ ರಾಶಿಯೇ.

ಗೋಚಾರದ ಯುತಿಗೂ ಜನ್ಮಕಾಲದ ಯುತಿಗೂ ಏನು ವ್ಯತ್ಯಾಸ?

ಜನ್ಮಕಾಲದ್ದು ಬದುಕಿನುದ್ದಕ್ಕೂ ಇರುವ ಸಾಮರ್ಥ್ಯ. ಗೋಚಾರದ್ದು, ಅಂದರೆ ಗ್ರಹಗಳ ಈಗಿನ ಸಂಚಾರದ್ದು, ಬಂದುಹೋಗುವ ಸಂದರ್ಭ. 2025ರ ಮಾರ್ಚ್ ಕೊನೆಯಲ್ಲಿ ಶನಿ ಮೀನಕ್ಕೆ ಬಂದು ರಾಹುವನ್ನು ಸೇರಿದಾಗ ಗಾಬರಿಯ ಮಾತುಗಳು ಬಹಳ ಕೇಳಿಬಂದವು, ಮೇ ತಿಂಗಳಲ್ಲಿ ರಾಹು ಕುಂಭಕ್ಕೆ ಹೋದ ಮೇಲೆ ಆ ಯುತಿ ಬಿಟ್ಟುಹೋಯಿತು. ಗೋಚಾರದ ಯುತಿ ಜನ್ಮರಾಶಿಯಿಂದ ಎಷ್ಟನೇ ಮನೆಯಲ್ಲಿದೆ, ಜನ್ಮಕಾಲದ ಯಾವ ಗ್ರಹದ ಮೇಲೆ ಹಾದುಹೋಗುತ್ತಿದೆ, ನಡೆಯುತ್ತಿರುವ ದಶೆ ಅದಕ್ಕೆ ಸಹಕರಿಸುತ್ತಿದೆಯೇ ಎಂದು ಮೂರೂ ನೋಡಬೇಕು. ದಶೆ ಒಪ್ಪದ ಫಲವನ್ನು ಗೋಚಾರ ಒಂದೇ ಕೊಡಲಾರದು.

ಕೆಟ್ಟ ಯುತಿಗೆ ಶಾಂತಿ ಮಾಡಿಸಲೇಬೇಕೇ?

ಜಪ, ದಾನ, ಶಾಂತಿಗಳು ಸಂಪ್ರದಾಯದ ಭಾಗ, ನಂಬಿಕೆಯಿದ್ದವರು ತಮ್ಮ ಶಕ್ತಿಗೆ ತಕ್ಕಂತೆ ಮಾಡಬಹುದು. ಯುತಿಯ ಹೆಸರು ಹೇಳಿ ಹೆದರಿಸಿ, ಗಡುವು ಕೊಟ್ಟು, ದೊಡ್ಡ ಮೊತ್ತ ಕೇಳುವವರಿಂದ ದೂರವಿರುವುದೇ ಲೇಸು. ಲಗ್ನವನ್ನೂ ದಶೆಯನ್ನೂ ನೋಡದೆ ಪರಿಹಾರ ಹೇಳುವವರು ಜಾತಕವನ್ನೇ ಓದಿಲ್ಲ.

ಇದಕ್ಕೆಲ್ಲ ವೈಜ್ಞಾನಿಕ ಆಧಾರ ಇದೆಯೇ?

ಗ್ರಹಗಳ ಸ್ಥಾನ, ಅಂತರ, ಅಸ್ತೋದಯಗಳು ಖಗೋಳ ಗಣಿತಕ್ಕೆ ಸೇರಿದವು, ಯಾರು ಬೇಕಾದರೂ ಪರೀಕ್ಷಿಸಬಹುದು. ಅವುಗಳಿಂದ ವ್ಯಕ್ತಿಯ ಬದುಕಿನ ಫಲ ಹೇಳುವುದು ಶಾಸ್ತ್ರಪರಂಪರೆಯ ನಂಬಿಕೆ. ಅದು ವಿಜ್ಞಾನದ ಪರೀಕ್ಷೆಯಲ್ಲಿ ಸಿದ್ಧವಾದ ಸಂಗತಿಯಲ್ಲ.

ಒಂದೊಂದು ತಂತ್ರಾಂಶದಲ್ಲಿ ಒಂದೊಂದು ಬಗೆಯ ಯುತಿ ಕಾಣಿಸುವುದು ಏಕೆ?

ಮುಖ್ಯ ಕಾರಣ ಅಯನಾಂಶ, ಅಂದರೆ ವಿಷುವದ್ಬಿಂದುವಿನಿಂದ ಎಣಿಸುವ ಸಾಯನ ರಾಶಿಚಕ್ರಕ್ಕೂ ನಕ್ಷತ್ರಗಳಿಂದ ಎಣಿಸುವ ನಮ್ಮ ರಾಶಿಚಕ್ರಕ್ಕೂ ನಡುವಿನ ಅಂತರ. ಚಿತ್ರಾಪಕ್ಷದ ಲಾಹಿರಿ ಅಯನಾಂಶ ಈಗ ಸುಮಾರು 24 ಡಿಗ್ರಿ. ರಾಮನ್ ಅಯನಾಂಶ ಅದಕ್ಕಿಂತ ಹತ್ತಿರಹತ್ತಿರ ಒಂದೂವರೆ ಡಿಗ್ರಿ ಕಡಿಮೆ. ಲಾಹಿರಿಯಲ್ಲಿ ಮೇಷದ 29ನೇ ಡಿಗ್ರಿಯಲ್ಲಿರುವ ಗ್ರಹ ರಾಮನ್ ಲೆಕ್ಕದಲ್ಲಿ ವೃಷಭಕ್ಕೆ ಜಾರುತ್ತದೆ, ಇದ್ದ ಯುತಿ ಮಾಯವಾಗುತ್ತದೆ. ಪಾಶ್ಚಾತ್ಯರ ಸಾಯನ ಪದ್ಧತಿಯಲ್ಲಂತೂ 2020ರ ಗುರು ಶನಿ ಯುತಿ ಮಕರದಲ್ಲಲ್ಲ, ಕುಂಭದ ಆರಂಭದಲ್ಲಿ ಆಯಿತು. ರಾಹುವಿನ ವಿಷಯದಲ್ಲಿ ಮಧ್ಯಮ (ಸರಾಸರಿ) ರಾಹು, ಸ್ಪಷ್ಟ (ನಿಜ ಸ್ಥಾನದ) ರಾಹು ಎಂಬ ಎರಡು ಲೆಕ್ಕಗಳಿದ್ದು, ಅವುಗಳ ನಡುವೆ ಒಂದೂವರೆ ಡಿಗ್ರಿಯವರೆಗೂ ಅಂತರ ಬರಬಹುದು. ಸೂರ್ಯಸಿದ್ಧಾಂತದ ಪಂಚಾಂಗಕ್ಕೂ ದೃಗ್ಗಣಿತದ (ಆಕಾಶದಲ್ಲಿ ಕಾಣುವ ಸ್ಥಾನಕ್ಕೆ ಹೊಂದಿಸಿದ) ಪಂಚಾಂಗಕ್ಕೂ ಗ್ರಹಸ್ಫುಟದಲ್ಲಿ ವ್ಯತ್ಯಾಸ ಇರುವುದು ಗೊತ್ತಿರುವ ವಿಚಾರವೇ.

ಆದ್ದರಿಂದ ಯುತಿಯ ಗ್ರಹಗಳಲ್ಲಿ ಒಂದು ರಾಶಿಯ ಮೊದಲ ಎರಡು ಅಥವಾ ಕೊನೆಯ ಎರಡು ಡಿಗ್ರಿಗಳಲ್ಲಿದ್ದರೆ, ತಂತ್ರಾಂಶದ ಅಯನಾಂಶ ಯಾವುದೆಂದು ಮೊದಲು ತೆರೆದು ನೋಡಿ, ಜನನ ಸಮಯವನ್ನು ಆಸ್ಪತ್ರೆಯ ದಾಖಲೆಯೊಂದಿಗೆ ಹೋಲಿಸಿ, ಅನಂತರ ಫಲಕ್ಕೆ ಕೈಹಾಕಬೇಕು. ಲಗ್ನವು ಸರಾಸರಿ ಎರಡು ಗಂಟೆಗೊಮ್ಮೆ ಬದಲಾಗುವುದರಿಂದ, ಲಗ್ನಸಂಧಿಯಲ್ಲಿ, ಅಂದರೆ ಒಂದು ಲಗ್ನ ಮುಗಿದು ಇನ್ನೊಂದು ಆರಂಭವಾಗುವ ಹೊತ್ತಿನಲ್ಲಿ, ಹುಟ್ಟಿದವರಿಗೆ ಹತ್ತು ನಿಮಿಷದ ತಪ್ಪೂ ಯುತಿಯನ್ನು ಒಂದು ಭಾವದಿಂದ ಇನ್ನೊಂದಕ್ಕೆ ಕೊಂಡೊಯ್ಯುತ್ತದೆ.